ತಿರುಗುವುದನ್ನು ನಿಲ್ಲಿಸಿ ತೋರುವ ಬೆಳಕು

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಗಿದ್ದ ಕಾರ್ಖಾನೆ. ಲೇತ್ ಮುಂದೆ ನಿಂತು ಕೆಲಸ ಕಲಿತವರಿಗೆಲ್ಲ ಒಂದು ಎಚ್ಚರಿಕೆ ಗೊತ್ತು: ಒಂಟಿ ಟ್ಯೂಬ್‌ಲೈಟಿನ ಕೆಳಗೆ ತುಂಡನ್ನು ಹಿಡಿದು ತಿರುಗಿಸುವ ಚಕ್ ನಿಂತಂತೆ ಕಂಡರೂ ಕೈ ಇಡಬಾರದು. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಹಳೆಯ ಚೋಕ್ ಇರುವ ಟ್ಯೂಬು ಪ್ರತಿ ಆವರ್ತಕ್ಕೆ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ನಾಲ್ಕು ಜಾ (ಹಿಡಿತದ ದವಡೆ) ಇರುವ ಚಕ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಒಂದು ಮಿನುಗಿನಿಂದ ಇನ್ನೊಂದಕ್ಕೆ ಸರಿಯಾಗಿ ಕಾಲು ಸುತ್ತು ಮುಗಿದಿರುತ್ತದೆ. ಒಂದು ಜಾ ಇದ್ದ ಜಾಗಕ್ಕೆ ಮುಂದಿನದು ಬಂದು ಕೂರುತ್ತದೆ. ಕಣ್ಣಿಗೆ ಏನೂ ಅಲುಗಿದಂತೆ ತೋರುವುದಿಲ್ಲ. ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಜೋಡಿಸುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ.

ಕಾರ್ಖಾನೆಯಲ್ಲಿ ಅಪಾಯವಾದ ಈ ಭ್ರಮೆಯನ್ನೇ ನಮ್ಮ ಇಚ್ಛೆಯಂತೆ ಹದಗೊಳಿಸಿದರೆ ಅದು ಸ್ಟ್ರೋಬೋಸ್ಕೋಪ್. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೊ, ವಿಯೆನ್ನಾದ ಸೈಮನ್ ಸ್ಟಾಂಪ್ಫರ್ ಇಬ್ಬರೂ ಒಬ್ಬರನ್ನೊಬ್ಬರು ಅರಿಯದೆ ಸೀಳುಗಳಿದ್ದ ತಿರುಗುವ ತಟ್ಟೆಯನ್ನು ರೂಪಿಸಿದರು. ಅಲ್ಲಿ ಬೆಳಕು ಮಿನುಗುತ್ತಿರಲಿಲ್ಲ, ನೋಟವೇ ತುಂಡುತುಂಡಾಗುತ್ತಿತ್ತು. ಸುಮಾರು ನೂರು ವರ್ಷದ ನಂತರ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ವಿದ್ಯುತ್ ಮೋಟಾರುಗಳನ್ನು ಅಭ್ಯಾಸ ಮಾಡುತ್ತ ಬೆಳಕನ್ನೇ ತುಂಡರಿಸಿದ. ಜನರಲ್ ರೇಡಿಯೊ ಕಂಪನಿ ಆ ಮಿನುಗುದೀಪವನ್ನು ಸ್ಟ್ರೋಬೊಟ್ಯಾಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1950ರ ದಶಕದ ಕೊನೆಗೆ ಪಿಎಸ್‌ಎಸ್‌ಸಿ ಎಂಬ ಅಮೆರಿಕದ ಶಾಲಾ ಭೌತಶಾಸ್ತ್ರ ಯೋಜನೆ ಮತ್ತೆ ಸೀಳಿನ ತಟ್ಟೆಯನ್ನೇ ಮಕ್ಕಳ ಕೈಗೆ ಕೊಟ್ಟಿತು. ಪುಟಿಯುವ ಚೆಂಡಿನ ಹಾದಿಯನ್ನು ಒಂದೇ ಫೋಟೊದಲ್ಲಿ ಹಿಡಿದ ಬೆರೆನೀಸ್ ಅಬಟ್‌ಳ ಚಿತ್ರಗಳೂ ಆ ಯೋಜನೆಯ ಫಲವೇ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಗೆ ಈ ಉಪಕರಣ ಪರಕೀಯವಲ್ಲ. ನೂಲಿನ ಗಿರಣಿಯ ರಿಂಗ್ ಫ್ರೇಮಿನಲ್ಲಿ ಸ್ಪಿಂಡಲ್‌ಗಳು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತವೆ. ಅವನ್ನು ಮುಟ್ಟದೆ, ನಿಲ್ಲಿಸದೆ ವೇಗ ಅಳೆಯಲು ಗಿರಣಿಗಳು ನೆಚ್ಚಿಕೊಂಡದ್ದು ಸ್ಟ್ರೋಬೋಸ್ಕೋಪನ್ನೇ. ತಿರುಗಿಸುವ ಟೇಪು ಸಡಿಲವಾದ ಸ್ಪಿಂಡಲ್ ಸಾಲಿನಲ್ಲಿ ತಾನೊಂದೇ ಹಿಂದೆ ಸರಿದಂತೆ ಕಂಡು ಸಿಕ್ಕಿಬೀಳುತ್ತದೆ. 1951ರ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರ ಬಿಐಇಟಿ ಇರುವ ಊರಿನ ಮಕ್ಕಳಿಗೆ ಪಠ್ಯದ ಆವರ್ತನವನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಹಾಗಾದರೆ ಮಾಡಿಕೊಳ್ಳುವುದೋ, ಕೊಳ್ಳುವುದೋ? ಮದುವೆಮನೆ, ಆರ್ಕೆಸ್ಟ್ರಾಗಳಲ್ಲಿ ಮಿನುಗುವ ಅಗ್ಗದ ಸ್ಟ್ರೋಬ್ ಲೈಟು ಪಾಠಕ್ಕೆ ಸಾಲದು. ಗುಂಡಿ ತಿರುಗಿಸಿದರೆ ವೇಗ ಬದಲಾಗುತ್ತದೆ, ಎಷ್ಟೆಂದು ತಿಳಿಯುವುದಿಲ್ಲ. ಮನೆಯಲ್ಲಿ ಝೆನಾನ್ ಟ್ಯೂಬಿನದನ್ನು ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. 230 ವೋಲ್ಟಿನ ಮೇನ್ಸನ್ನು ರೆಕ್ಟಿಫೈ ಮಾಡಿದರೆ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂರುತ್ತದೆ, ಪ್ಲಗ್ ಕಿತ್ತ ಮೇಲೂ ಕಾದಿರುತ್ತದೆ. ವಿದ್ಯಾರ್ಥಿಗಳ ಮೇಜಿನ ಮೇಲೆ ಅದು ಬೇಡ.

12 ವೋಲ್ಟಿನಲ್ಲಿ ನಡೆಯುವ ಬಿಳಿ ಎಲ್‌ಇಡಿ ಈಗ ಈ ಕೆಲಸವನ್ನು ಸುಲಭ ಮಾಡಿದೆ. 1970ರ ದಶಕದ ಆರಂಭದಲ್ಲಿ ಬಂದ 555 ಟೈಮರ್ ಐಸಿ, ಒಂದು ಮಾಸ್ಫೆಟ್, ಒಂದು ಪೊಟೆನ್ಷಿಯೋಮೀಟರ್ ಸಾಕು ಎಂದು ಹಲವರು ಶುರು ಮಾಡುತ್ತಾರೆ. ಎಡವುವುದು ಅಲ್ಲಿಯೇ. ಒಂದೇ 555ರ ಸರ್ಕ್ಯೂಟಿನಲ್ಲಿ ಸಾಮಾನ್ಯವಾಗಿ ದೀಪ ಅರ್ಧದಷ್ಟು ಹೊತ್ತು ಉರಿದೇ ಇರುತ್ತದೆ, ಚಿತ್ರ ಕಲಸಿಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಸೀಲಿಂಗ್ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗುವಾಗ 60 ಸೆಂ.ಮೀ. ಉದ್ದದ ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ. ದೀಪ 1 ಮಿಲಿಸೆಕೆಂಡ್ ಉರಿದರೆ ತುದಿ 2 ಸೆಂ.ಮೀ.ನಷ್ಟು ಹರಡಿಕೊಂಡು ಕಾಣುತ್ತದೆ; 100 ಮೈಕ್ರೊಸೆಕೆಂಡ್ ಆದರೆ ಕೇವಲ 2 ಮಿ.ಮೀ. ಆದ್ದರಿಂದ ಮಿನುಗಿನ ವೇಗಕ್ಕೊಂದು, ಉರಿಯುವ ಅವಧಿಗೊಂದು, ಹೀಗೆ ಎರಡು 555 ಬೇಕು. ಆರ್ಡ್ವಿನೊ ಬಳಸಿದರೆ ಎರಡನ್ನೂ ಅದೇ ನೋಡಿಕೊಳ್ಳುತ್ತದೆ, ಆವರ್ತನವನ್ನು ಪುಟ್ಟ ಪರದೆಯಲ್ಲಿ ಅಂಕಿಯಲ್ಲೂ ತೋರಿಸುತ್ತದೆ. ಇಷ್ಟು ಚಿಕ್ಕ ಮಿನುಗಿಗೆ ಬೆಳಕು ಮಂಕಾಗುವುದು ಸಹಜ. ಕೋಣೆಯನ್ನು ಕತ್ತಲು ಮಾಡಿ ಎಲ್‌ಇಡಿಗಳ ಸಂಖ್ಯೆ ಹೆಚ್ಚಿಸಬೇಕು.

ಸಿದ್ಧವಾದದ್ದೇ ಬೇಕೆಂದರೆ ಶಾಲಾ ಉಪಕರಣಗಳಿಗೆ ಹೆಸರಾದ ಹರಿಯಾಣದ ಅಂಬಾಲದಿಂದ ತರಿಸಬಹುದು. ಕಾರ್ಖಾನೆಗಳಿಗೆಂದು ಮಾಡಿದ ಡಿಜಿಟಲ್ ಸ್ಟ್ರೋಬೋಸ್ಕೋಪ್ ಇನ್ನೂ ನಿಖರ, ದುಬಾರಿಯೂ ಹೌದು. ಆವರ್ತನದ ಅಂಕಿ ಇದೆಯೇ, ಮಿನುಗಿನ ಅವಧಿ ಎಷ್ಟು ಎಂದು ಕೇಳಿಯೇ ಕೊಳ್ಳಬೇಕು.

ಪಾಠದಲ್ಲಿ ಮೋಟಾರಿನ ವೇಗ ಅಳೆಯುವಾಗ ಒಂದು ಬಲೆಯಿದೆ. ನಿಜವಾದ ವೇಗದ ಅರ್ಧ, ಮೂರನೇ ಒಂದು ಭಾಗಕ್ಕೂ ಚಿತ್ರ ನಿಲ್ಲುತ್ತದೆ. ಚಕ್ರದ ಮೇಲೆ ಒಂದೇ ಒಂದು ಸೀಮೆಸುಣ್ಣದ ಗುರುತು ಹಾಕಿ, ಆ ಒಂಟಿ ಗುರುತು ನಿಲ್ಲುವ ಎರಡು ಅಕ್ಕಪಕ್ಕದ ಮಿನುಗು ವೇಗಗಳನ್ನು ಬರೆದುಕೊಂಡು, ಅವುಗಳ ಗುಣಲಬ್ಧವನ್ನು ವ್ಯತ್ಯಾಸದಿಂದ ಭಾಗಿಸಿದರೆ ನಿಜ ವೇಗ ಸಿಗುತ್ತದೆ. ನಿಮಿಷಕ್ಕೆ 1500ಕ್ಕೂ ಅದರ ಕೆಳಗೆ 1000ಕ್ಕೂ ನಿಂತರೆ ಉತ್ತರ 3000. ಬೀಳುವ ಚೆಂಡಿಗೆ ಸೆಕೆಂಡಿಗೆ 20 ಮಿನುಗು ಹಾಕಿ, ಮೊಬೈಲಿನಲ್ಲಿ ಶಟರ್ ತೆರೆದಿಟ್ಟು ಒಂದೇ ಫೋಟೊ ತೆಗೆದರೆ ಚಿತ್ರಗಳ ನಡುವಿನ ಅಂತರ ಪ್ರತಿ ಸಲವೂ ಸುಮಾರು 2.45 ಸೆಂ.ಮೀ. ಹೆಚ್ಚುತ್ತದೆ. ಗುರುತ್ವ ವೇಗೋತ್ಕರ್ಷವನ್ನು ಸ್ಕೇಲಿಟ್ಟು ಅಳೆಯಬಹುದು.

ಇದೆಲ್ಲಕ್ಕೂ ಮೊದಲು ತರಗತಿಯಲ್ಲಿ ಅಪಸ್ಮಾರ ಇರುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲೇಬೇಕು. ಸೆಕೆಂಡಿಗೆ 15ರಿಂದ 25ರಷ್ಟು ಮಿನುಗು ಕೆಲವರಲ್ಲಿ ಫಿಟ್ಸ್ ತರಿಸಬಲ್ಲದು. ಫ್ಯಾನು, ಚೆಂಡುಗಳ ಪ್ರಯೋಗ ನಡೆಯುವುದು ಇದೇ ಮಿತಿಯಲ್ಲಿ. ಅಂಥ ಮಗುವಿದ್ದರೆ ಫೋಟೊವನ್ನು ಮೊದಲೇ ತೆಗೆದಿಟ್ಟು, ತರಗತಿಗೆ ಅದನ್ನಷ್ಟೇ ತಂದು ಅಳತೆ ಮಾಡಿಸಬಹುದು.