ಜಿಗ್ ಜೋಡಣೆ (ಗಾಳದ ಮೀನುಗಾರಿಕೆ)

ಜಿಗ್ ಜೋಡಣೆ ಎಂದರೆ ಗಾಳದ ದಾರದ ತುದಿಗೆ ಜಿಗ್ ಎಂಬ ಕೃತಕ ಎರೆಯನ್ನು ಸೇರಿಸುವ ಮತ್ತು ಅಗತ್ಯವಿದ್ದಾಗ ಬೇಗನೆ ಬದಲಾಯಿಸುವ ವಿಧಾನ. ಜಿಗ್ ಸಾಮಾನ್ಯವಾಗಿ ಸೀಸದಿಂದ ಎರಕ ಹೊಯ್ದ, ಸಣ್ಣ ಮೀನಿನ ಆಕಾರದ ತೂಕದ ತುಂಡು. ಅದನ್ನು ತಳದವರೆಗೆ ಇಳಿಬಿಟ್ಟು ಕೋಲನ್ನು ಮೇಲೆ ಕೆಳಗೆ ಆಡಿಸಿದಾಗ, ಗಾಯಗೊಂಡ ಮೀನಿನಂತೆ ಹೊರಳಾಡಿ ಬೇಟೆಗಾರ ಮೀನುಗಳನ್ನು ಸೆಳೆಯುತ್ತದೆ.

ಅಗತ್ಯ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ಕರಾವಳಿಯಲ್ಲಿ ಮೀನುಗಾರಿಕೆ ಬಹುತೇಕ ಬಲೆಯನ್ನೇ ಅವಲಂಬಿಸಿದೆ. ಬಲೆ ಸಿಕ್ಕಿ ಹರಿಯುವ ಕಲ್ಲುತಳದಲ್ಲಿ ಗಾಳವೇ ಅನುಕೂಲ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಬಂಡೆ ಹಾಗೂ ಹವಳಗಳ ಇಂತಹ ತಳವಿದ್ದು, ಮುರು ಮೊದಲಾದ ಕಲ್ಲುಮೀನುಗಳು ವಾಸಿಸುತ್ತವೆ.

ಸೆಳೆತ ಹೆಚ್ಚಿದರೆ ಹಗುರ ಜಿಗ್ ತಳ ಮುಟ್ಟುವ ಮೊದಲೇ ಬದಿಗೆ ಸರಿಯುತ್ತದೆ. ಆಗ ಹೆಚ್ಚು ತೂಕದ್ದನ್ನು ಹಾಕಬೇಕು. ಮೀನಿನ ಹಿಂಡು ಒಂದೇ ಕಡೆ ನಿಲ್ಲುವುದಿಲ್ಲ. ಓಲಾಡುವ ದೋಣಿಯಲ್ಲಿ ಒದ್ದೆ ಕೈಯಿಂದ ಹೊಸ ಗಂಟು ಹಾಕುವಷ್ಟರಲ್ಲಿ ಅದು ಸರಿದುಹೋಗಬಹುದು. ಪ್ರತಿ ಬಾರಿ ಕತ್ತರಿಸಿ ಕಟ್ಟಿದಾಗ ತುದಿಯ ದಪ್ಪ ನೈಲಾನ್ ದಾರವೂ (ತಂಗೂಸು) ಗಿಡ್ಡವಾಗುತ್ತದೆ.

ವಿಧಾನಗಳು

ಅತ್ಯಂತ ಸರಳವಾದುದು ಕುಣಿಕೆ. ತಂಗೂಸಿನ ತುದಿಯಲ್ಲಿ ಉದ್ದನೆಯ ಕುಣಿಕೆ ಮಾಡಿ, ಅದನ್ನು ಜಿಗ್ಗಿನ ಕಣ್ಣಿನೊಳಗೆ ತೂರಿಸಿ, ಇಡೀ ಜಿಗ್ಗನ್ನು ಕುಣಿಕೆಯ ಮೂಲಕ ದಾಟಿಸಿ ಬಿಗಿಯಲಾಗುತ್ತದೆ. ಸಡಿಲಿಸಿದರೆ ಕಳಚುತ್ತದೆ, ಲೋಹದ ಕೊಂಡಿಯೇ ಬೇಡ. ಆದರೆ ಲೋಹದ ಅಂಚಿಗೆ ಉಜ್ಜಿ ನೈಲಾನ್ ಸವೆಯುವುದರಿಂದ ದೊಡ್ಡ ಮೀನಿಗೆ ಇದು ನಂಬಿಕೆಗೆ ಅರ್ಹವಲ್ಲ.

ಸ್ನ್ಯಾಪ್ ಎಂಬುದು ಪಿನ್ನಿನಂತೆ ತೆರೆದು ಮುಚ್ಚುವ ತಂತಿಯ ಕೊಂಡಿ. ಕೆಲವೇ ಕ್ಷಣಗಳಲ್ಲಿ ಜಿಗ್ ಬದಲಾಗುತ್ತದೆ. ಸ್ನ್ಯಾಪ್ ತಡೆಯುವ ಎಳೆತ ದಾರದ ಸಾಮರ್ಥ್ಯಕ್ಕಿಂತ ಹೆಚ್ಚಿರಬೇಕು. ದಾರ 15 ಕೆ.ಜಿ. ತಡೆದು ಸ್ನ್ಯಾಪ್ 10 ಕೆ.ಜಿ.ಗೇ ಬಿಚ್ಚಿಕೊಂಡರೆ ಜಿಗ್ಗೂ ಮೀನೂ ಒಟ್ಟಿಗೆ ಹೋಗುತ್ತವೆ. ತೆಳುತಂತಿಯ ಅಗ್ಗದ ಸ್ನ್ಯಾಪ್‌ಗಳಲ್ಲಿ ಇದು ಸಾಮಾನ್ಯ ದೋಷ.

ಆಳನೀರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಬಳೆಗಳ ಜೋಡಣೆ. ತಂಗೂಸನ್ನು ಸೀಳಿಲ್ಲದ ಗಟ್ಟಿ ಬಳೆಗೆ ಕಾಯಂ ಆಗಿ ಕಟ್ಟಲಾಗುತ್ತದೆ. ಬೀಗದ ಕೈ ಪೋಣಿಸುವ ಬಳೆಯಂತಹ ಸುರುಳಿ ಬಳೆಯೊಂದು ಅದಕ್ಕೂ ಜಿಗ್ಗಿಗೂ ಕೊಂಡಿಯಾಗುತ್ತದೆ. ತುದಿ ಬಾಗಿದ ವಿಶೇಷ ಇಕ್ಕಳದಿಂದ ಸುರುಳಿಯನ್ನು ಅಗಲಿಸಿದರೆ ಜಿಗ್ ಹೊರಬರುತ್ತದೆ, ಗಂಟು ಹಾಗೆಯೇ ಉಳಿಯುತ್ತದೆ. ದಾರವನ್ನು ನೇರವಾಗಿ ಸುರುಳಿ ಬಳೆಗೆ ಕಟ್ಟಬಾರದು; ತಂತಿಯ ಚೂಪು ತುದಿ ಗಂಟನ್ನು ಕೊಯ್ಯುತ್ತದೆ. ಗಾಳವನ್ನು ಗಿಡ್ಡ ಹುರಿಯಿಂದ ಗಟ್ಟಿ ಬಳೆಗೇ ಕಟ್ಟುವುದರಿಂದ ಅದು ಜಿಗ್ಗಿನ ಮೇಲ್ತುದಿಯಲ್ಲಿದ್ದು, ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ.

ಜಿಗ್ ತಿರುಗಿ ದಾರ ಮುರಿಬೀಳದಂತೆ ಕೆಲವರು ಗಟ್ಟಿ ಬಳೆಗೆ ಬದಲಾಗಿ ತಿರುಗುವ ಸ್ವಿವೆಲ್ ಬಳಸುತ್ತಾರೆ.

ಮೀನಿಗೆ ತಕ್ಕ ಆಯ್ಕೆ

ಅಂಜಲ್ (ಇಶ್ವಾಣ) ಮೀನಿನ ಹಲ್ಲು ನೈಲಾನ್ ದಾರವನ್ನು ಸುಲಭವಾಗಿ ಕತ್ತರಿಸುತ್ತದೆ. ಆದ್ದರಿಂದ ಜಿಗ್ಗಿನ ಮುಂದೆ ಗಿಡ್ಡ ಉಕ್ಕಿನ ತಂತಿ ಸೇರಿಸಿ, ತಂತಿಯ ತುದಿಗೆ ಸ್ನ್ಯಾಪ್ ಇಡುವುದುಂಟು. ತಂತಿ ಕಂಡರೆ ಕೆಲವು ಮೀನುಗಳು ಕಚ್ಚದಿರುವುದರಿಂದ ಅದು ಎಲ್ಲ ಕಡೆಗೂ ಸಲ್ಲದು. ಬೊಂಡಾಸ ಹಿಡಿಯುವ ಸೀಗಡಿಯಾಕಾರದ ಹಗುರ ಜಿಗ್ಗಿಗೆ ತೀರಾ ಸಣ್ಣ ಸ್ನ್ಯಾಪ್ ಸಾಕು. ಭಾರದ ಕೊಂಡಿ ಹಾಕಿದರೆ ಅದರ ಮೂತಿ ಕೆಳಗೆ ಬಾಗಿ ಚಲನೆ ಕೆಡುತ್ತದೆ.

ನಿರ್ವಹಣೆ

ಉಪ್ಪುನೀರು ಸುರುಳಿ ಬಳೆಯ ಸಂದಿನಲ್ಲಿ ಉಳಿದು ತುಕ್ಕು ಹಿಡಿಸುತ್ತದೆ. ಬಳಸಿದ ದಿನವೇ ಸಿಹಿನೀರಿನಲ್ಲಿ ತೊಳೆದು ಒಣಗಿಸಲಾಗುತ್ತದೆ. ಒಮ್ಮೆ ಅಗಲಿ ಮತ್ತೆ ಕೂಡದ ಬಳೆಯನ್ನು ಇಕ್ಕಳದಿಂದ ಒತ್ತಿ ಸರಿಪಡಿಸಿದರೂ ಮೊದಲಿನ ಬಲ ಬರುವುದಿಲ್ಲ.