ಸಂಬಳಕ್ಕೆ ಬಂದ ರಗ್ಬಿ

ರಗ್ಬಿ ಯೂನಿಯನ್ ಆಡಿ ಹಣ ಪಡೆಯುವುದು 1995ರ ಆಗಸ್ಟ್‌ವರೆಗೂ ನಿಯಮದ ಪ್ರಕಾರ ಅಪರಾಧವೇ ಆಗಿತ್ತು. ಇಂಗ್ಲೆಂಡಿನ ಕ್ರಿಕೆಟ್, ಫುಟ್‌ಬಾಲ್‌ಗಳಲ್ಲಿ ಸಂಬಳದ ಆಟಗಾರರು ಬಂದು ನೂರು ವರ್ಷ ದಾಟಿದ್ದರೂ ಈ ಆಟ ತನ್ನ ಹಟ ಬಿಟ್ಟಿರಲಿಲ್ಲ.

ಹಟದ ಹಿಂದೆ ಇದ್ದದ್ದು ವರ್ಗದ ಜಗಳ. ದಕ್ಷಿಣ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದವರು ಹೆಚ್ಚಾಗಿ ದುಬಾರಿ ಶಾಲೆಗಳಲ್ಲಿ ಓದಿದ ಉಳ್ಳವರು. ಉತ್ತರದ ಯಾರ್ಕ್‌ಷೈರ್, ಲ್ಯಾಂಕಷೈರ್‌ಗಳಲ್ಲಿ ಗಣಿ, ಗಿರಣಿಗಳ ಕಾರ್ಮಿಕರೇ ಆಡುತ್ತಿದ್ದರು. ಪಂದ್ಯಕ್ಕೆ ಹೋದರೆ ಅವರಿಗೆ ಅಂದಿನ ಕೂಲಿ ಖೋತಾ. ಅದನ್ನು ತುಂಬಿಕೊಡಲು ಆಟದ ಆಡಳಿತ ನಡೆಸುತ್ತಿದ್ದ ಲಂಡನ್ನಿನ ದೊರೆಗಳು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿದ ಉತ್ತರದ ಕ್ಲಬ್‌ಗಳು ಬೇರೆಯಾದವು. ದಿನಕ್ಕೆ ಆರು ಶಿಲಿಂಗ್ ಪರಿಹಾರ ಕೊಡತೊಡಗಿದವು. ಹದಿಮೂರು ಜನ ಆಡುವ ರಗ್ಬಿ ಲೀಗ್ ಹುಟ್ಟಿದ್ದು ಹೀಗೆ.

ಹದಿನೈದು ಜನರ ಯೂನಿಯನ್ ಆಮೇಲೆ ಮಡಿವಂತಿಕೆಯನ್ನು ಇನ್ನಷ್ಟು ಬಿಗಿ ಮಾಡಿತು. ಲೀಗ್‌ಗೆ ಹೋದವನಿಗೆ ಮರಳಿ ಬರುವ ಬಾಗಿಲಿಲ್ಲ. ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಾರೆಂಬ ಗುಮಾನಿಯ ಮೇಲೆ 1931ರಲ್ಲಿ ಫ್ರಾನ್ಸನ್ನೇ ಐದು ರಾಷ್ಟ್ರಗಳ ಟೂರ್ನಿಯಿಂದ ಹೊರಗಿಟ್ಟರು. ಇಂಗ್ಲೆಂಡ್ ನಾಯಕನಾಗಿದ್ದ ಬಿಲ್ ಬೋಮಾಂಟ್ ನಿವೃತ್ತಿಯ ನಂತರ ಆತ್ಮಕಥೆ ಬರೆದು ಅದರ ಗೌರವಧನ ಇಟ್ಟುಕೊಂಡದ್ದಕ್ಕೆ ವೃತ್ತಿಪರ ಎನಿಸಿಕೊಂಡು ಬಹಿಷ್ಕೃತರಾದರು. ಅದೇ ಹೊತ್ತಿನಲ್ಲಿ, ಪಂದ್ಯ ಮುಗಿಸಿ ಬಂದವನ ಬೂಟಿನೊಳಗೆ ನೋಟು ಸಿಗುವ ಕಥೆಗಳು ಎಲ್ಲರಿಗೂ ಗೊತ್ತಿದ್ದವು. ಪುಸ್ತಕ ಬರೆದವನಿಗೆ ಶಿಕ್ಷೆ, ಬೂಟು ಹಾಕಿದವನಿಗೆ ಮಾಫಿ!

ಈ ಕಟ್ಟನ್ನು ಒಡೆದದ್ದು ನ್ಯಾಯಬುದ್ಧಿಯಲ್ಲ, ಟಿವಿ. 1995ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡಿನ ಜೋನಾ ಲೋಮು ಇಂಗ್ಲೆಂಡ್ ವಿರುದ್ಧ ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದ. ಅಡ್ಡ ಬಂದ ಇಂಗ್ಲೆಂಡಿನ ಮೈಕ್ ಕ್ಯಾಟ್‌ನನ್ನು ತಪ್ಪಿಸಿಕೊಂಡು ಹೋಗಲಿಲ್ಲ, ಮೇಲೆಯೇ ಹಾದುಹೋದ. ಆಗ ಅವನಿಗೆ ಇಪ್ಪತ್ತು ವರ್ಷ, ತೂಕ 120 ಕಿಲೋ ಆಸುಪಾಸು. ಫೈನಲ್‌ಗೆ ಮುನ್ನಾದಿನ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮಂಡಳಿಗಳು ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಕಂಪನಿಯ ಜೊತೆ ಹತ್ತು ವರ್ಷಕ್ಕೆ 55.5 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಪ್ರಕಟಿಸಿದವು. ಇನ್ನೊಂದು ಕಡೆ, 1977ರಲ್ಲಿ ಕ್ರಿಕೆಟ್ಟನ್ನು ಅಲ್ಲಾಡಿಸಿದ್ದ ಟಿವಿ ಒಡೆಯ ಕೆರಿ ಪ್ಯಾಕರ್ ಬೆಂಬಲದ ಗುಂಪು ಆಟಗಾರರನ್ನು ನೇರವಾಗಿ ಸೆಳೆಯುತ್ತಿತ್ತು. ಆಗಸ್ಟ್ ಕೊನೆಗೆ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಳಿಗೆ ಬೇರೆ ದಾರಿ ಉಳಿದಿರಲಿಲ್ಲ. ಸಂಭಾವನೆಯ ಮೇಲಿನ ನಿಷೇಧ ಹೋಯಿತು.

ದುಡ್ಡು ಬಂತು, ಎಲ್ಲೆಡೆ ಒಂದೇ ವ್ಯವಸ್ಥೆ ಬರಲಿಲ್ಲ. ನ್ಯೂಜಿಲೆಂಡ್ ತನ್ನ ಪ್ರಮುಖ ಆಟಗಾರರನ್ನು ರಾಷ್ಟ್ರೀಯ ಮಂಡಳಿಯ ಗುತ್ತಿಗೆಯಲ್ಲೇ ಹಿಡಿದಿಟ್ಟಿತು. ಹೊರದೇಶಕ್ಕೆ ಹೋದವನಿಗೆ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್ ಜೆರ್ಸಿ ಇಲ್ಲ. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಸಿರಿವಂತ ಮಾಲೀಕರ ಕ್ಲಬ್‌ಗಳೇ ಸಂಬಳ ಕೊಡತೊಡಗಿದವು. ಮಾಲೀಕ ಕೈಬಿಟ್ಟರೆ ಆಟಗಾರ ಬೀದಿಗೆ: 2022ರಲ್ಲಿ ವುಸ್ಟರ್, ವಾಸ್ಪ್ಸ್, ಮರುವರ್ಷ ಲಂಡನ್ ಐರಿಷ್ ಮುಳುಗಿದವು. ಹಾಗಾಗಿ ಮೂವತ್ತು ದಾಟಿದ ಮೇಲೆ ಜಪಾನಿನ ಕಂಪನಿ ತಂಡಗಳಿಗೆ ಹೋಗಿ ಒಂದೆರಡು ವರ್ಷ ಗಳಿಸುವುದು ಅನೇಕರ ಲೆಕ್ಕಾಚಾರ.

ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಮೈ. ಮೊದಲು ಕೆಲಸ ಮುಗಿಸಿ ವಾರಕ್ಕೆರಡು ಸಂಜೆ ಅಭ್ಯಾಸಕ್ಕೆ ಬರುತ್ತಿದ್ದವನು ಈಗ ಇಡೀ ದಿನ ಜಿಮ್ ಮತ್ತು ಮೈದಾನದಲ್ಲಿ. ಪೆಟ್ಟಾಗದಿದ್ದರೂ ಆಟಗಾರನನ್ನು ಬದಲಿಸುವ ನಿಯಮ 1996ರಲ್ಲಿ ಬಂದ ಮೇಲೆ, ಸುಸ್ತಾದವರ ಮೇಲೆ ತಾಜಾ ದೈತ್ಯರು ಎರಗುವುದು ಮಾಮೂಲಾಯಿತು. ಲೋಮು ತನ್ನ ಕಾಲಕ್ಕೆ ಅಪವಾದ. ಇಂದು ಫಾರ್ವರ್ಡ್‌ಗಳ ಸಾಲಿನಲ್ಲಿ ಆ ತೂಕ ಸಾಮಾನ್ಯ.

ಇದರ ಬೆಲೆ ತಿಳಿಯಲು 2003ರ ಸಿಡ್ನಿ ವಿಶ್ವಕಪ್ ಫೈನಲ್‌ನ ಕೊನೆಯ ನಿಮಿಷವೊಂದೇ ಸಾಕು. ಹೆಚ್ಚುವರಿ ಅವಧಿ, ಇಂಗ್ಲೆಂಡ್, ಆಸ್ಟ್ರೇಲಿಯಾ ಎರಡಕ್ಕೂ 17 ಅಂಕ. ಗೆರೆಯಾಚೆಯಿಂದ ಚೆಂಡನ್ನು ಮತ್ತೆ ಆಟಕ್ಕೆ ಎಸೆಯುವ ಲೈನ್‌ಔಟ್‌ನಲ್ಲಿ ಇಂಗ್ಲೆಂಡಿನ ಸ್ಟೀವ್ ಥಾಂಪ್ಸನ್ ಅದನ್ನು ಸಾಲಿನ ಕಟ್ಟಕಡೆಗೆ ಎಸೆದರು, ಲೂಯಿಸ್ ಮೂಡಿ ಹಿಡಿದರು. ಮ್ಯಾಟ್ ಡಾಸನ್ ನುಗ್ಗಿ ಜಾಗ ಮಾಡಿದರು. ಜಾನಿ ವಿಲ್ಕಿನ್ಸನ್ ಎಂದಿನ ಎಡಗಾಲು ಬಿಟ್ಟು ಬಲಗಾಲಿನಿಂದ, ಚೆಂಡನ್ನು ನೆಲಕ್ಕೆ ಬೀಳಿಸಿ ಒದೆಯುವ ಡ್ರಾಪ್ ಗೋಲ್ ಹೊಡೆದರು. ಇಂಗ್ಲೆಂಡ್ ಗೆದ್ದಿತು. ಕುತ್ತಿಗೆ, ತೋಳು, ಮೊಣಕಾಲು ಎಂದು ಗಾಯದ ಮೇಲೆ ಗಾಯವಾಗಿ ವಿಲ್ಕಿನ್ಸನ್ ಮತ್ತೆ ಇಂಗ್ಲೆಂಡ್ ಪರ ಆಡಿದ್ದು 2007ರ ಫೆಬ್ರುವರಿಯಲ್ಲಿ. ಚೆಂಡೆಸೆದ ಥಾಂಪ್ಸನ್‌ಗೆ ನಲವತ್ತೆರಡನೆಯ ವಯಸ್ಸಿನಲ್ಲೇ ಮರೆವಿನ ಕಾಯಿಲೆ ಪತ್ತೆಯಾಯಿತು. ವಿಶ್ವಕಪ್ ಗೆದ್ದದ್ದೇ ನೆನಪಿಲ್ಲ ಎಂದು ಅವರು 2020ರಲ್ಲಿ ಹೇಳಿದರು. ಪದೇಪದೇ ತಲೆಗೆ ಬಿದ್ದ ಪೆಟ್ಟುಗಳಿಂದ ತಮ್ಮನ್ನು ಕಾಪಾಡಲಿಲ್ಲವೆಂದು ಅವರೂ ಇತರ ಮಾಜಿ ಆಟಗಾರರೂ ಆಡಳಿತ ಮಂಡಳಿಗಳ ವಿರುದ್ಧ ಕಾನೂನು ಹೋರಾಟಕ್ಕಿಳಿದರು. ಈಗ ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು ಪರೀಕ್ಷಿಸುತ್ತಾರೆ; 2024ರಿಂದ ಉನ್ನತ ಮಟ್ಟದ ಪಂದ್ಯಗಳಲ್ಲಿ ಡಿಕ್ಕಿಯ ಜೋರನ್ನು ಅಳೆಯುವ ಸೆನ್ಸರ್ ಹಲ್ಲುಕವಚದಲ್ಲೇ ಇರುತ್ತದೆ. ಒಳ್ಳೆಯ ಕ್ರಮಗಳೇ, ಆದರೆ ಬಹಳ ತಡವಾಗಿ ಬಂದವು.

ನಮ್ಮಲ್ಲಿ 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಏಳು ಜನರ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಆಡಿತು. ಅದು ಕೆಲವೇ ವಾರಗಳ ಟೂರ್ನಿ, ಬದುಕು ನಡೆಸುವ ವೃತ್ತಿ ಎನ್ನಲು ಇನ್ನೂ ದೂರವಿದೆ. ಹೆಣ್ಣುಮಕ್ಕಳ ಆಟದಲ್ಲೂ ದೇಶದೇಶಗಳ ನಡುವಿನ ಅಂತರ ದೊಡ್ಡದು. ಇಂಗ್ಲೆಂಡ್ 2019ರಲ್ಲಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಗುತ್ತಿಗೆ ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಟ್ವಿಕನ್‌ಹ್ಯಾಮ್‌ನ 81,885 ಪ್ರೇಕ್ಷಕರ ಎದುರು ಆ ತಂಡ 33-13ರಿಂದ ವಿಶ್ವಕಪ್ ಗೆದ್ದಿತು. ಫೈನಲ್‌ನಲ್ಲಿ ಎದುರಿಗಿದ್ದ ಕೆನಡಾ, ತನ್ನ ಸಿದ್ಧತೆಯ ಖರ್ಚಿಗೆ ಸಾರ್ವಜನಿಕರಿಂದ ಚಂದಾ ಎತ್ತಿ ಬಂದಿತ್ತು.