ತಿದ್ದಿ ಹಂಚುವ ಹಕ್ಕು
ಪಂಪ ಕಾವ್ಯಕ್ಕೆ ಆರಿಸಿಕೊಂಡಿದ್ದು ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ ಕನ್ನಡವನ್ನು. ಅಂತರ್ಜಾಲ ಬಂದಾಗ ಇದೇ ಸೀಮೆಯ ಶಿಕ್ಷಕರಿಗೆ ಕನ್ನಡದ ಪಾಠಸಾಮಗ್ರಿ ಸಿಗುವುದೇ ಕಷ್ಟವಾಗಿತ್ತು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲು ಬರುತ್ತಿರಲಿಲ್ಲ. ಯೂನಿಕೋಡ್ ಆ ತೊಡಕು ಬಿಡಿಸಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 2013ರಲ್ಲಿ ಡಿಎಸ್‌ಇಆರ್‌ಟಿ, ಐಟಿ ಫಾರ್ ಚೇಂಜ್ ಸಂಸ್ಥೆಯ ಜತೆಗೂಡಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಆರಂಭಿಸಿತು. ಸರ್ಕಾರಿ ಶಾಲೆಯ ಶಿಕ್ಷಕರೇ ಅದಕ್ಕೆ ಬರೆದರು. 2017ರಲ್ಲಿ ಕೇಂದ್ರದ ದೀಕ್ಷಾ ಬಂತು.

ಮುಕ್ತ ಸಾಮಗ್ರಿ ಪುಕ್ಕಟೆ ಸಿಗುವುದಷ್ಟೇ ಅಲ್ಲ, ಅದನ್ನು ತಿದ್ದಿ ಹಂಚುವ ಹಕ್ಕೂ ನಮ್ಮದು. ಮುಂಡರಗಿಯ ಶಿಕ್ಷಕಿ ವಿಜ್ಞಾನದ ಪಾಠಕ್ಕೆ ಕಪ್ಪತಗುಡ್ಡದ ಗಿಡಮೂಲಿಕೆ ಸೇರಿಸಬಹುದು. ಆ ಹಕ್ಕನ್ನು ಬಳಸದಿದ್ದರೆ ಬೆಂಗಳೂರಿನ ಪಾಠವೇ ಶಿರಹಟ್ಟಿಯ ಪಾಠವಾಗಿ ಉಳಿಯುತ್ತದೆ.